ಖಣದ ಅಂಚು, ದಿಂಬಿನ ಅಂದ

ಗುಳೇದಗುಡ್ಡಕ್ಕೆ ಹೋದದ್ದು ಖಣ ಕೊಳ್ಳಲು. ನೇಕಾರರ ಮನೆಯ ಪಡಸಾಲೆಯಲ್ಲಿ ಮಗ್ಗದ ಪಕ್ಕದಲ್ಲೇ ಹೊಲಿಗೆ ಯಂತ್ರವಿತ್ತು. ಗಂಡ ಲಾಳಿ ಆಡಿಸುತ್ತಿದ್ದರೆ ಹೆಂಡತಿ ಕುಶನ್ ಕವರ್ ಹೊಲಿಯುತ್ತಿದ್ದರು. ದಾಳಿಂಬರಿ ಬಣ್ಣದ ಒಡಲು, ಗಿಳಿಹಸಿರು ಅಂಚು. ಆ ಅಂಚು ದಿಂಬಿನ ನಟ್ಟನಡುವೆ ಮೇಲಿಂದ ಕೆಳಕ್ಕೆ ಇಳಿದಿತ್ತು. ಖಣದ ಕುಶನ್‌ಗಳನ್ನು ಬೆಂಗಳೂರಿನ ಅಂಗಡಿಗಳಲ್ಲಿ ಎಷ್ಟೋ ನೋಡಿದ್ದೇನೆ. ಬಹುಪಾಲು ಕಡೆ ಅಂಚನ್ನು ಕತ್ತರಿಸಿ ಒಡಲನ್ನಷ್ಟೇ ಚೌಕ ಮಾಡಿರುತ್ತಾರೆ. ಈ ದಿಂಬನ್ನು ಕಂಡಾಗ ಆದ ಸಂತೋಷ ಇನ್ನೂ ಇಳಿದಿಲ್ಲ.

ಲೆಕ್ಕ ಕೇಳಿದೆ. ಆಕೆ ಬಟ್ಟೆ ಹಾಸಿ ತೋರಿಸಿದರು. ಖಣದ ಅಗಲ ಸುಮಾರು 31 ಇಂಚು, ಎರಡೂ ಕಡೆ ಅಂಚು. ಉದ್ದದಲ್ಲಿ ಹದಿನೈದೂವರೆ ಇಂಚು ಕತ್ತರಿಸಿಕೊಂಡು, ಅಗಲವನ್ನು ದಿಂಬಿಗೆ ಸುತ್ತಿ, ಒಂದಂಚಿನ ಮೇಲೆ ಇನ್ನೊಂದನ್ನು ಎರಡು ಇಂಚು ಏರಿಸುವುದು. ಮೇಲೆ ಒಂದು ಹೊಲಿಗೆ, ಕೆಳಗೆ ಒಂದು. ಮಗ್ಗದ ಮೇಲೇ ಕಟ್ಟಿಕೊಂಡ ಅಂಚಿನಿಂದ ನೂಲು ಬಿಚ್ಚಿ ಬರುವುದಿಲ್ಲವಾದ್ದರಿಂದ ಅಲ್ಲಿ ಮಡಚಿ ಹೊಲಿಯುವ ಗೋಜಿಲ್ಲ, ಜಿಪ್ ಬೇಕಿಲ್ಲ, ಕಸವೂ ಇಲ್ಲ. ಹೊಲಿದ ಕವರ್ ಹದಿನಾಲ್ಕೂವರೆ ಇಂಚಿನ ಚೌಕವಾಗುತ್ತದೆ. ಒಳಗೆ 16 ಇಂಚಿನ ದಿಂಬು ಹಾಕಿದರೆ ಮೂಲೆ ಮೂಲೆಯೂ ತುಂಬಿ ಗುಂಡಗೆ ಕೂರುತ್ತದೆ. ದಿಂಬು ಕವರಿಗಿಂತ ಒಂದೆರಡು ಇಂಚು ದೊಡ್ಡದಿರಬೇಕು ಎಂದು ಒಳಾಂಗಣ ವಿನ್ಯಾಸಕರು ಹೇಳುವುದೂ ಇದಕ್ಕೇ. ಅಂಚನ್ನು ಹಿಂದೆ ಮರೆಮಾಡಬಹುದಿತ್ತಲ್ಲ ಎಂದೆ. "ಅಂಚು ಕಾಣದಿದ್ರ ಅದನ್ನ ಖಣ ಅಂತ ಯಾರ್ ಅಂತಾರ್ರೀ?" ಎಂದರು.

ಆಮೇಲೆ ಎರಡು ದಿಂಬುಗಳನ್ನು ಕಿಟಕಿಯ ಬಳಿ ಇಟ್ಟು, ಒಂದನ್ನು ಕಾಲು ಸುತ್ತು ತಿರುಗಿಸಿದರು. ಒಂದೇ ಬಟ್ಟೆ, ಆದರೆ ತಿರುಗಿಸಿದ್ದು ಒಂದು ಛಾಯೆ ಕಪ್ಪಾಗಿ ಕಂಡಿತು. ಹಾಸಿನ ನೂಲು ಹೊಳಪಿನದು, ಹೊಕ್ಕಿನ ನೂಲು ಬೇರೆ. ಬೆಳಕು ಬೀಳುವ ದಿಕ್ಕು ಬದಲಾದರೆ ಬಣ್ಣವೂ ಬದಲಾಗುತ್ತದೆ. ನೀವೂ ಮನೆಯಲ್ಲಿ ಹೀಗೆ ತಿರುಗಿಸಿ ನೋಡಿ. ಸೋಫಾದ ಮೇಲೆ ಜೋಡಿ ದಿಂಬು ಇಡುವಾಗ ಒಂದರ ಅಂಚು ನಿಂತಿರಲಿ, ಇನ್ನೊಂದರದು ಮಲಗಿರಲಿ. ಒಂದೇ ಖಣದಲ್ಲಿ ಎರಡು ಬಣ್ಣ ಸಿಕ್ಕಂತಾಗುತ್ತದೆ.

ಖಣ ನಮಗೆ ಹೊಸದಲ್ಲ. ಇಳಕಲ್ ಸೀರೆಯ ಜೊತೆಗಾರ, ಉಡಿ ತುಂಬುವಾಗಿನ ಮಂಗಳದ್ರವ್ಯ. ರೆಡಿಮೇಡ್ ರವಿಕೆ ಬಂದ ಮೇಲೆ ಬೇಡಿಕೆ ಕುಗ್ಗಿತು, ಪವರ್‌ಲೂಮ್ ಅಗ್ಗದ ಮಾಲು ತಂದಿತು. ಈಗ ಕುಶನ್, ಪರ್ಸು, ಟೇಬಲ್ ಹಾಸು ಎಂದು ಖಣ ಬೇರೆ ದಾರಿ ಹಿಡಿದಿದೆ. ರವಿಕೆಯ ಬಟ್ಟೆ ಸೋಫಾಕ್ಕೇಕೆ ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಗ್ಗ ನಡೆಯಲಿ.

ಕರ್ನಾಟಕದ ಕಸೂತಿಗಳ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ಸಂಡೂರಿನ ಲಂಬಾಣಿ ಕಸೂತಿ ಕಣ್ಣಿಗೆ ಹಬ್ಬ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಅದರ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೂ ಬರೆಯಿತು. ಆದರೆ ಕನ್ನಡಿ, ಕವಡೆ ಕೂರಿಸಿದ ದಿಂಬಿಗೆ ಕೆನ್ನೆ ಒರಗಿಸಿ ನೋಡಿ, ಚುಚ್ಚುತ್ತದೆ. ಅದನ್ನು ದಿವಾನದ ಹಿಂದಿನ ಸಾಲಿನಲ್ಲಿ, ಗೋಡೆಗೆ ಆನಿಸಿಡಿ. ಧಾರವಾಡ ಕಸೂತಿಯ ಗವಂತಿ, ಮುರಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಸಮ ಬರುತ್ತವೆ. ಗಂಟಿಲ್ಲದ ಆ ಒಳಮೈಯನ್ನು ದಿಂಬಿನೊಳಗೆ ಹುಗಿಯುವುದು ನನಗಂತೂ ಸಂಕಟ. ಕಸೂತಿ ಸೆರಗಿನಲ್ಲೇ ಇರಲಿ.

ಒಳಗೆ ಏನು ತುಂಬಬೇಕು? ಪಾಲಿಯೆಸ್ಟರ್ ಹಗುರ, ತೊಳೆಯಲು ಸುಲಭ. ನಾನು ಹತ್ತಿಯ ಪಕ್ಷ. ಪಿಂಜಾರರು ಹಿಂಜಿದ ಹತ್ತಿ ಒರಗಿದ ಬೆನ್ನಿಗೆ ತಕ್ಕ ಹಾಗೆ ತಗ್ಗುತ್ತದೆ. ಗಂಟು ಕಟ್ಟದಂತೆ ಆಗಾಗ ಬಿಸಿಲಿಗೆ ಹಾಕಿ ಬಡಿಯಬೇಕು. ಹಾಗೆ ಮಾಡುವಾಗ ಖಣದ ಕವರ್ ತೆಗೆದಿಡಿ, ಬಿಸಿಲಿಗೆ ಬಣ್ಣ ಮಾಸುತ್ತದೆ. ಮೊದಲ ಸಲ ಒಗೆಯುವಾಗ ಪ್ರತ್ಯೇಕವಾಗಿ, ತಣ್ಣೀರಿನಲ್ಲಿ ಒಗೆಯಿರಿ. ಮೂರು ಜನ ಕೂರುವ ಸೋಫಾಕ್ಕೆ ಖಣದ ದಿಂಬು ಎರಡು ಸಾಕು, ಜೊತೆಗೆ ಅಂಚಿನ ಬಣ್ಣದ್ದೇ ಸಾದಾ ಖಾದಿಯ ದೊಡ್ಡ ದಿಂಬು ಒಂದು. ಅದಕ್ಕಿಂತ ಹೆಚ್ಚಾದರೆ ಮನುಷ್ಯರಿಗೆ ಜಾಗವಿರುವುದಿಲ್ಲ.

ಹೊರಡುವ ಮುನ್ನ ಲೋಡಿನ ಮಾತು ತೆಗೆದೆ. ನಮ್ಮ ಕಡೆಯ ಅಡತಿ ಅಂಗಡಿಗಳ ಗಾದಿಯ ಮೇಲೆ ಬಿಳಿ ಗವಸು ತೊಟ್ಟು ಕೂತಿರುತ್ತದಲ್ಲ, ಅದೇ. ಖಣದ ಅಗಲವನ್ನು ಲೋಡಿನ ಉದ್ದಕ್ಕೆ ಹಿಡಿದರೆ 30 ಇಂಚಿನ ಲೋಡಿಗೆ ಎರಡೂ ತುದಿಯಲ್ಲಿ ಅಂಚು ಬಳೆಯಂತೆ ಸುತ್ತಿ ಬರುತ್ತದೆ, ಈ ಸಲವೂ ಏನನ್ನೂ ಕತ್ತರಿಸಿ ಎಸೆಯಬೇಕಿಲ್ಲ. ಆಕೆ ಗಂಡನ ಕಡೆ ನೋಡಿದರು. ಅವರು ಲಾಳಿ ನಿಲ್ಲಿಸಿ, "ಯಾವ ಬಣ್ಣ ಬೇಕು ಹೇಳ್ರಿ, ಮುಂದಿನ ಹಾಸಿನಾಗ ತಗದ ಕೊಡ್ತೀನಿ" ಎಂದರು. ನವಿಲು ಬಣ್ಣಕ್ಕೆ ಕೆಂಪಂಚು ಎಂದು ಹೇಳಿ ಮುಂಗಡ ಕೊಟ್ಟು ಬಂದಿದ್ದೇನೆ.