ಮೋಜಿನ ಆಟವೋ, ಲೆಕ್ಕದ ಆಟವೋ?

ಕಾಫಿ ಕುಯ್ಲು ಮುಗಿದು, ಅಡಿಕೆ ಸುಲಿತವೂ ಒಂದು ಹಂತಕ್ಕೆ ಬಂದು, ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ದಿನಗಳಲ್ಲಿ ನಮ್ಮ ಕಡೆ ಇಸ್ಪೀಟಿನ ಕಟ್ಟು ಹೊರಬರುವುದು ಹೊಸ ಸಂಗತಿಯೇನಲ್ಲ. ಮದುವೆ ಮನೆಯ ಹಿಂದಿನ ರಾತ್ರಿಯಲ್ಲಿ, ಕ್ಲಬ್ಬಿನ ಮೂಲೆಯಲ್ಲಿ, ಅಂಗಳದ ಚಪ್ಪರದ ಕೆಳಗೆ ರಮ್ಮಿ, ಇಪ್ಪತ್ತೆಂಟು, ಮೂರೆಲೆ ಇವೆಲ್ಲ ನಡೆದುಕೊಂಡು ಬಂದಿವೆ. ಈಗ ಇವುಗಳ ಸಾಲಿಗೆ ಪೋಕರ್ ಎಂಬ ಆಟವೂ ಸೇರಿದೆ. ತಂದವರು ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮ ಮಕ್ಕಳು. ಈ ಆಟವನ್ನು ಸುಮ್ಮನೆ ಮೋಜಿಗೆ ಆಡಬೇಕೋ, ಗಣಿತದಂತೆ ಅಭ್ಯಾಸ ಮಾಡಿ ಆಡಬೇಕೋ ಎಂಬ ಚರ್ಚೆ ಅವರಲ್ಲಿದೆ. ಸಂಘದ ವಾರ್ತಾಪತ್ರಕ್ಕೂ ಇಸ್ಪೀಟಿಗೂ ಏನು ಸಂಬಂಧ ಎಂದು ಸದಸ್ಯರು ಕೇಳಬಹುದು. ಸಂಬಂಧವಿದೆ ಎಂಬುದು ನಮ್ಮ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುತ್ತೇವೆ.

ಬೇಗೂರಿನ ಎರಡು ಪಕ್ಷ

ಸಂಘದ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ನಾವು ಬೇಗೂರಿನಲ್ಲಿ ಉಳಿಯುವುದುಂಟು. ನಾಗೇಶ್ವರ ದೇವಾಲಯದಿಂದಲೂ, ಬೆಂಗಳೂರಿನ ಹೆಸರನ್ನು ಹೇಳುವ ಸುಮಾರು ಕ್ರಿ.ಶ. 890ರ ವೀರಗಲ್ಲಿನಿಂದಲೂ ಪ್ರಸಿದ್ಧವಾದ ಊರು ಅದು. ಇಂದು ಅಲ್ಲಿನ ಕೆರೆಯ ಸುತ್ತಮುತ್ತ ಎದ್ದಿರುವ ವಸತಿ ಕಟ್ಟಡಗಳಲ್ಲಿ ಮಲೆನಾಡಿನ ಮಕ್ಕಳು ಬಹಳ ಮಂದಿ ಇದ್ದಾರೆ. ಶನಿವಾರ ರಾತ್ರಿ ಐದಾರು ಜನ ಸೇರಿ ಪೋಕರ್ ಆಡುತ್ತಾರೆ. ಪಣಕ್ಕೆ ಹಣವಿಲ್ಲ, ಊರಿನಿಂದ ತಂದ ಕಾಫಿ ಬೀಜವೇ ಬಿಲ್ಲೆ. ಅರೇಬಿಕಾ ಬೀಜಕ್ಕೆ ಹತ್ತು, ರೋಬಸ್ಟಾಕ್ಕೆ ಐದು ಎಂದು ಬೆಲೆ ಕಟ್ಟಿಕೊಂಡಿದ್ದರು.

ಅವರಲ್ಲೊಬ್ಬನ ಬಳಿ ಒಂದು ನೋಟು ಪುಸ್ತಕ. ಯಾವ ಎಲೆ ಬಂದಾಗ ಏನು ಮಾಡಿದೆ, ಏಕೆ ಮಾಡಿದೆ ಎಂದು ಬರೆದಿಡುತ್ತಾನೆ. ಇನ್ನೊಬ್ಬನಿಗೆ ಇದು ಹಿಡಿಸದು. "ಹೀಗೆ ಲೆಕ್ಕ ಹಾಕ್ತಾ ಕೂತ್ರೆ ಆಟ ಎಲ್ಲಿ ಉಳೀತು ಮಾರಾಯ? ನಾವು ಕೂತದ್ದು ನಗಾಡ್ಲಿಕ್ಕೆ," ಎಂದು ಅವನ ವಾದ. ಪುಸ್ತಕದವನು ಬಿಡಲಿಲ್ಲ. "ಗೊತ್ತಿಲ್ದೆ ಸೋಲೋದ್ರಲ್ಲಿ ಎಂಥ ನಗು? ನೀವೇ ಹೇಳಿ ಮಾವ, ಅಪ್ಪ ಲೆಕ್ಕ ಬರೆಯದೆ ತೋಟ ಮಾಡ್ತಾರಾ?" ಎಂದು ನಮ್ಮ ಕಡೆ ತಿರುಗಿದ. ಅವನ ಅಪ್ಪ ಲೆಕ್ಕ ಬರೆಯುತ್ತಾರೋ ಇಲ್ಲವೋ ಸಂಘದ ಕಡತಕ್ಕೆ ಗೊತ್ತಿದೆ. ಅಲ್ಲಿ ಅದನ್ನು ಹೇಳುವುದು ಸರಿಯಲ್ಲವೆಂದು ಸುಮ್ಮನಿದ್ದೆವು. ಆದರೆ ಪ್ರಶ್ನೆ ಒಳ್ಳೆಯದು.

ಎಲೆಗಳ ಗಣಿತ

ಕಟ್ಟಿನಲ್ಲಿ 52 ಎಲೆ. ಅದರಿಂದ ಮೂರೆಲೆಯ ಕೈ 22,100 ಬಗೆಯಲ್ಲಿ ಬರಬಹುದು. ಅದರಲ್ಲಿ 16,440 ಕೈಗಳಲ್ಲಿ ಜೋಡಿಯೂ ಇಲ್ಲ, ಒಂದೇ ಬಣ್ಣವೂ ಇಲ್ಲ, ಸಾಲೂ ಇಲ್ಲ. ಅಂದರೆ ನಾಲ್ಕರಲ್ಲಿ ಸುಮಾರು ಮೂರು ಸಲ ಕೈಗೆ ಬರುವುದು ಬರೀ ಎಲೆ. ಒಂದೇ ಬಗೆಯ ಮೂರು ಎಲೆ ಬರುವುದು 52 ರೀತಿಯಲ್ಲಿ, ಒಂದೇ ಬಣ್ಣದ ಸಾಲು ಬರುವುದು 48 ರೀತಿಯಲ್ಲಿ. ಸಾಲೇ ಅಪರೂಪ, ಆದರೂ ಆಟದ ಕಟ್ಟಳೆಯಲ್ಲಿ ಮೂರು ರಾಜ ಬಂದವನೇ ದೊಡ್ಡವನು. ತಲೆಮಾರುಗಳಿಂದ ಆಡಿದವರಲ್ಲೂ ಇದನ್ನು ಎಣಿಸಿ ನೋಡಿದವರು ವಿರಳ.

ಅಂದರ್ ಬಾಹರ್ ಆಟದಲ್ಲಂತೂ ಕೌಶಲಕ್ಕೆ ಎಡೆಯೇ ಇಲ್ಲ. ಮೊದಲ ಎಲೆ ಬೀಳುವ ಬದಿಗೆ ನೂರರಲ್ಲಿ ಐವತ್ತೊಂದೂವರೆಯಷ್ಟು ಅವಕಾಶ, ಉಳಿದದ್ದು ಇನ್ನೊಂದು ಬದಿಗೆ. ಅಲ್ಲಿ ಎಷ್ಟು ವರ್ಷ ಅಭ್ಯಾಸ ಮಾಡಿದರೂ ಪ್ರಯೋಜನವಿಲ್ಲ.

ಪೋಕರ್ ಸ್ವಲ್ಪ ಬೇರೆ. ಈಗ ಹೆಚ್ಚು ಆಡುವ ಬಗೆಯಲ್ಲಿ ಪ್ರತಿಯೊಬ್ಬನಿಗೆ ಎರಡು ಮುಚ್ಚಿದ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ. ಆ ಐದು ಒಟ್ಟಿಗೆ ಬೀಳುವುದಿಲ್ಲ. ಮೊದಲು ಮೂರು, ಮತ್ತೆ ಒಂದು, ಕೊನೆಗೆ ಒಂದು. ಪ್ರತಿ ಹಂತದಲ್ಲೂ ಪಣ ಹೆಚ್ಚಿಸಬಹುದು, ಇಲ್ಲವೇ ಎಲೆ ಮಡಚಿ ಹೊರಗೆ ಬರಬಹುದು. ಏಳರಲ್ಲಿ ಒಳ್ಳೆಯ ಐದು ಎಲೆ ಯಾರದೋ ಅವರಿಗೆ ಗೆಲುವು. ಎಲ್ಲರೂ ಮಡಚಿದರೆ ಉಳಿದವನಿಗೆ ಎಲೆ ತೋರಿಸದೆಯೇ ಗೆಲುವು.

ಒಂದು ಲೆಕ್ಕ ನೋಡೋಣ. ನಮ್ಮ ಕೈಯ ಎರಡು, ನೆಲದ ಮೂರು ಸೇರಿ ನಾಲ್ಕು ಕಳಾವರ್ ಆಗಿವೆ ಎನ್ನಿ. ಇನ್ನೊಂದು ಕಳಾವರ್ ಬಂದರೆ ಕೈ ಬಲವಾಗುತ್ತದೆ. ಕಂಡ ಎಲೆ ಐದು, ಕಾಣದ ಎಲೆ 47. ಅದರಲ್ಲಿ ಕಳಾವರ್ ಒಂಬತ್ತು, ಬೇಡದ್ದು 38. ಮುಂದಿನ ಎಲೆಯಲ್ಲಿ ಕೈಗೂಡುವ ಅವಕಾಶ ಹೆಚ್ಚುಕಡಿಮೆ ಐದರಲ್ಲಿ ಒಂದು. ನಡುವೆ 400 ರೂಪಾಯಿ ಬಿದ್ದಿದೆ, ಮುಂದಿನ ಎಲೆ ನೋಡಲು 100 ಹಾಕಬೇಕು. ಕಳಾವರ್ ಬಂದರೆ ಗೆದ್ದೆವು, ಬರದಿದ್ದರೆ ಮಡಚಿದೆವು ಎಂದು ಇಟ್ಟುಕೊಂಡರೆ, ಇಂಥ ಸಂದರ್ಭ 47 ಸಲ ಬಂದಾಗ ಒಂಬತ್ತು ಸಲ 400ರಂತೆ ಬರುವುದು 3,600. 38 ಸಲ 100ರಂತೆ ಹೋಗುವುದು 3,800. ನಿವ್ವಳ ನಷ್ಟ 200. ಅದೇ ನಡುವೆ 600 ಇದ್ದರೆ ಬರುವುದು 5,400, ಹೋಗುವುದು ಅದೇ 3,800, ಲಾಭ 1,600. ಎಲೆ ಅವೇ, ಆಸೆಯೂ ಅದೇ. ಒಂದು ಕಡೆ ಮಡಚುವುದು ಬುದ್ಧಿ, ಇನ್ನೊಂದು ಕಡೆ ಹಾಕುವುದು ಬುದ್ಧಿ. ಬೇಗೂರಿನ ಹುಡುಗನ ಪುಸ್ತಕದಲ್ಲಿದ್ದದ್ದು ಬಹುಮಟ್ಟಿಗೆ ಇಂಥ ಲೆಕ್ಕ.

ಇದು ಪಾಶ್ಚಾತ್ಯರ ವಿದ್ಯೆ ಮಾತ್ರವಲ್ಲ. ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಪಂಡಿತರು 1654ರಲ್ಲಿ ಪಣದಾಟದ ಪ್ರಶ್ನೆಯೊಂದನ್ನು ಪತ್ರಗಳಲ್ಲಿ ಚರ್ಚಿಸಿ ಸಂಭವಗಣಿತಕ್ಕೆ ಅಡಿಪಾಯ ಹಾಕಿದರು ಎಂಬುದು ನಿಜ. ಆದರೆ ಮಹಾಭಾರತದ ನಳೋಪಾಖ್ಯಾನ ನೆನಪಿಸಿಕೊಳ್ಳಿ. ಋತುಪರ್ಣ ರಾಜ ರಥದಲ್ಲಿ ಹೋಗುತ್ತ ತಾರೆಮರವೊಂದರ ಎಲೆ, ಕಾಯಿಗಳ ಸಂಖ್ಯೆಯನ್ನು ನೋಡಿದಷ್ಟರಿಂದಲೇ ಹೇಳುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿದರೆ ಲೆಕ್ಕ ಸರಿ. ಆ ರಾಜನಿಂದ ಅಕ್ಷಹೃದಯವೆಂಬ ವಿದ್ಯೆ ಕಲಿತ ಮೇಲೆಯೇ ನಳ ಪುಷ್ಕರನನ್ನು ಗೆದ್ದದ್ದು. ಮರ ನೋಡಿ ಫಸಲು ಹೇಳುವ ಈ ವಿದ್ಯೆ ನಮ್ಮಲ್ಲಿ ಅಡಿಕೆ ಚೇಣಿದಾರರಿಗೆ ಚೆನ್ನಾಗಿ ಗೊತ್ತು. ಅವರು ತೋಟದಲ್ಲಿ ಒಂದು ಸುತ್ತು ಬಂದು ಕ್ವಿಂಟಲ್ ಲೆಕ್ಕ ಹೇಳುವಾಗ, ಬೆಳೆಗಾರನೂ ಗೊನೆ ಎಣಿಸಿ ಸಿದ್ಧನಾಗಿದ್ದರೆ ವ್ಯವಹಾರ ಸಮವಾಗಿರುತ್ತದೆ. ಇಲ್ಲದಿದ್ದರೆ ಒಬ್ಬ ಲೆಕ್ಕದ ಆಟ ಆಡುತ್ತಾನೆ, ಇನ್ನೊಬ್ಬ ಮೋಜಿನ ಆಟ ಆಡುತ್ತಾನೆ.

ಕೋರ್ಟು, ಕಾನೂನು

ಅದೃಷ್ಟವೋ ಕೌಶಲವೋ ಎಂಬ ಈ ಪ್ರಶ್ನೆ ನ್ಯಾಯಾಲಯಗಳಿಗೂ ಬಿಟ್ಟದ್ದಲ್ಲ. ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ, ಬಿದ್ದ ಎಲೆಗಳನ್ನು ನೆನಪಿಟ್ಟು ಆಡಬೇಕಾದ ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದೂ, ಮೂರೆಲೆಯಂತೆ ಕೇವಲ ಅದೃಷ್ಟದ್ದಲ್ಲವೆಂದೂ ಹೇಳಿತು. ಆದರೆ ಆಟದ ಪಣದಿಂದ ಕ್ಲಬ್ಬೇ ಲಾಭ ಮಾಡಿಕೊಂಡರೆ ಅಪರಾಧವಾಗಬಹುದು ಎಂದೂ ಸೇರಿಸಿತು. ನಮ್ಮ ರಾಜ್ಯದ 1963ರ ಪೊಲೀಸ್ ಕಾಯಿದೆಯೂ ಶುದ್ಧ ಕೌಶಲದ ಆಟಗಳಿಗೆ ರಿಯಾಯಿತಿ ಕೊಟ್ಟಿತ್ತು. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲವೆಂಬ ಅರ್ಥದ ಆದೇಶ ಕರ್ನಾಟಕ ಹೈಕೋರ್ಟಿನಿಂದ 2013ರಲ್ಲಿ ಬಂತು. 2017ರಲ್ಲಿ ಗುಜರಾತಿನ ಹೈಕೋರ್ಟು ಇದಕ್ಕೆ ವಿರುದ್ಧವಾಗಿ ಅದು ಜೂಜೇ ಎಂದಿತು. 2021ರಲ್ಲಿ ನಮ್ಮ ಸರ್ಕಾರ ಕಾಯಿದೆ ತಿದ್ದಿ ಹಣದ ಆನ್‌ಲೈನ್ ಆಟ ನಿಷೇಧಿಸಿತು. 14 ಫೆಬ್ರವರಿ 2022ರಂದು ಹೈಕೋರ್ಟು ಆ ತಿದ್ದುಪಡಿಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ ಸಂಸತ್ತೇ ಆಗಸ್ಟ್ 2025ರಲ್ಲಿ ಕಾನೂನು ಮಾಡಿ, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದನ್ನೇ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಸಜೆ, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡಿದವರಿಗೆ ಶಿಕ್ಷೆಯಿಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸೆಪ್ಟೆಂಬರ್ 2025ರಲ್ಲಿ ಸುಪ್ರೀಂ ಕೋರ್ಟಿಗೆ ವರ್ಗವಾದವು.

ದಲ್ಲಾಳಿಯ ಪಾಲು

ಕಾನೂನಿಗಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ಆಟ ನಡೆಸುವವನು ಪ್ರತಿ ಪಣದಿಂದಲೂ ತನ್ನ ಪಾಲು ಎತ್ತಿಕೊಳ್ಳುತ್ತಾನೆ. ಆರು ಮಂದಿ ಸಾವಿರದಂತೆ 6,000 ರೂಪಾಯಿ ತಂದು ಕೂತರು ಎನ್ನಿ. ನಡೆಸುವವನ ಪಾಲು ನೂರಕ್ಕೆ ಐದು ಮಾತ್ರ. ಕೇಳಲು ಅಲ್ಪ. ಆದರೆ ಆ ಹಣವೆಲ್ಲ ಹತ್ತು ಸಲ ಮೇಜಿನ ಮೇಲೆ ಸುತ್ತಿದರೆ ಉಳಿಯುವುದು ಸುಮಾರು 3,600. ಆರು ಜನರೂ ಸಮಾನ ಜಾಣರಾದರೆ ಆರು ಜನರೂ ಸೋತರು. ಇದಕ್ಕೆ ಕೆಟ್ಟ ಎಲೆ ಕಾರಣವಲ್ಲ. ಹತ್ತು ಕೈ ದಾಟಿ ಮಾರಾಟವಾದ ಕಾಫಿಯ ಬೆಲೆ ಎಲ್ಲಿ ಕರಗಿತೆಂದು ಕೇಳಿ ಕೇಳಿಯೇ ನಮ್ಮ ಹಿರಿಯರು ಸಹಕಾರ ಸಂಘ ಕಟ್ಟಿದ್ದು. ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಅಭ್ಯಾಸ ಮಾಡಿದವನು ಗೆಲ್ಲುತ್ತಾನಲ್ಲ ಎನ್ನಬಹುದು. ಗೆಲ್ಲುತ್ತಾನೆ, ಆದರೆ ಎಷ್ಟು ಕಾಲಕ್ಕೆ? ಜನವರಿ 2017ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಲಿಬ್ರಾಟಸ್ ಎಂಬ ಗಣಕಯಂತ್ರದ ಆಟಗಾರನನ್ನು ನಾಲ್ವರು ವೃತ್ತಿಪರರ ಎದುರು ಕೂರಿಸಿದಾಗ, ಕೌಶಲವನ್ನು ಅದೃಷ್ಟದಿಂದ ಬೇರ್ಪಡಿಸಲು ಇಪ್ಪತ್ತು ದಿನ, 1,20,000 ಕೈ ಆಡಿಸಿದರು. ಯಂತ್ರ ಗೆದ್ದಿತು. ವಿದ್ವಾಂಸರಿಗೇ ಅಷ್ಟು ಕೈ ಬೇಕಾದರೆ, ಒಂದು ರಾತ್ರಿ ನಾಲ್ಕು ಸಾವಿರ ಗೆದ್ದ ಹುಡುಗ ತಾನು ನಿಪುಣನೆಂದು ತಿಳಿದುಕೊಳ್ಳುವುದು ಎಷ್ಟು ಸರಿ? ಅಪಾಯವಿರುವುದು ಮೋಜಿಗೆ ಆಡುವವನಲ್ಲಿ ಅಲ್ಲ, ಅಭ್ಯಾಸ ಮಾಡಿದವನಲ್ಲೂ ಅಲ್ಲ. ಮೋಜಿಗೆ ಆಡುತ್ತ ಅಭ್ಯಾಸ ಮಾಡಿದ್ದೇನೆಂದು ಭ್ರಮಿಸುವವನಲ್ಲಿ.

ತೋಟದ ಲೆಕ್ಕ

ಈಗ ನಮ್ಮ ವಿಷಯಕ್ಕೆ ಬರೋಣ. ರೋಬಸ್ಟಾ ತೋಟದವರು ಪ್ರತಿ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಪಣ ಕಟ್ಟುತ್ತಲೇ ಇದ್ದಾರೆ. ಸ್ಪ್ರಿಂಕ್ಲರ್ ಹಾಕುವುದೋ, ಮಳೆಗೆ ಕಾಯುವುದೋ? ಲೆಕ್ಕದ ಸುಲಭಕ್ಕಾಗಿ ಊಹೆಯ ಅಂಕಿ ಹಿಡಿಯೋಣ. ನೀರು ಹಾಯಿಸಲು ಎಕರೆಗೆ 8,000 ರೂಪಾಯಿ; ಹೂಮಳೆ ತಪ್ಪಿದರೆ ಫಸಲಿನ ನಷ್ಟ 40,000. ಕಳಾವರ್‌ನ ಲೆಕ್ಕವೇ ಇಲ್ಲೂ. ಮಳೆ ತಪ್ಪುವ ಅವಕಾಶ ಐದರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ನೀರು ಹಾಯಿಸುವುದೇ ಲಾಭ, ಕಡಿಮೆಯಿದ್ದರೆ ಕಾಯಬಹುದು. ಹಾಗಾದರೆ ನಿಮ್ಮ ತೋಟದಲ್ಲಿ ಕಳೆದ ಹತ್ತು ವರ್ಷದಲ್ಲಿ ಎಷ್ಟು ಸಲ ಮಳೆ ತಪ್ಪಿತು? ಮಳೆಮಾಪನ ಇಟ್ಟು ಬರೆದವರಿಗೆ ಉತ್ತರ ಗೊತ್ತು. ಉಳಿದವರು ನೆನಪಿನ ಮೇಲೆ ಹೇಳುತ್ತಾರೆ. ನೆನಪಿಗೆ ಹೋದ ವರ್ಷದ್ದೊಂದೇ ದೊಡ್ಡದಾಗಿ ಕಾಣುತ್ತದೆ.

ಅಡಿಕೆಯವರದ್ದೂ ಇದೇ ಕಥೆ. ಮಳೆಗಾಲಕ್ಕೆ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ಒಂದು ವರ್ಷ ಪಕ್ಕದ ತೋಟದವರು ಹೊಡೆಯದೆಯೂ ಕೊಳೆರೋಗದಿಂದ ಪಾರಾಗುತ್ತಾರೆ. ಮಾರನೆಯ ವರ್ಷ ನಾಲ್ಕು ಮನೆಯವರು ಅವರನ್ನು ನೋಡಿ ಔಷಧಿ ಬಿಡುತ್ತಾರೆ. ಕೆಟ್ಟ ಎಲೆಯಲ್ಲೂ ಒಮ್ಮೊಮ್ಮೆ ಗೆಲುವು ಬರುತ್ತದೆ, ಒಳ್ಳೆಯ ನಿರ್ಧಾರವೂ ಒಮ್ಮೊಮ್ಮೆ ಸೋಲುತ್ತದೆ. ಫಲವನ್ನು ಮಾತ್ರ ನೋಡಿ ನಿರ್ಧಾರವನ್ನು ಅಳೆಯಬಾರದು ಎಂಬುದು ಆ ಹುಡುಗನ ನೋಟು ಪುಸ್ತಕದಿಂದ ನಾವು ಎತ್ತಿಕೊಳ್ಳಬೇಕಾದ ಮುಖ್ಯ ಪಾಠ.

ಆದ್ದರಿಂದ ಸದಸ್ಯರಲ್ಲಿ ನಮ್ಮ ಸೂಚನೆ ಇಷ್ಟು. ಇಸ್ಪೀಟು ಆಡುವವರು ಕಾಫಿ ಬೀಜಕ್ಕೋ ಅಡಿಕೆ ಚೂರಿಗೋ ಆಡಿ, ನಗಾಡಿ, ಹೊತ್ತಿಗೆ ಸರಿಯಾಗಿ ಮಲಗಿ. ಅಲ್ಲಿ ಲೆಕ್ಕ ಬೇಕೆನಿಸಿದವರು ಲೆಕ್ಕ ಮಾಡಿ, ಅದೂ ಒಂದು ಸಂತೋಷ. ಬೆಳೆ ಸಾಲದ ಹಣ, ಕುಯ್ಲಿನ ಬಟವಾಡೆಯ ಹಣ ಯಾವ ಕಾರಣಕ್ಕೂ ಎಲೆಯ ಮುಂದೆ ಇಡಬೇಡಿ. ಊರಿನಿಂದಾಚೆ ಇರುವ ಮಕ್ಕಳು ಹಣಕ್ಕೆ ಆಡುತ್ತಾರೆಂದು ತಿಳಿದರೆ ಕೂಡಲೇ ಗದರದೆ, ಆರು ತಿಂಗಳ ಜಮಾ ಖರ್ಚು ಬರೆದು ತೋರಿಸಲು ಹೇಳಿ. ಬರೆದ ಅಂಕಿ ಗದರಿಕೆಗಿಂತ ಚೆನ್ನಾಗಿ ಬುದ್ಧಿ ಹೇಳುತ್ತದೆ.

ಗಂಭೀರ ಅಭ್ಯಾಸವನ್ನೆಲ್ಲ ತೋಟಕ್ಕೆ ಇಟ್ಟುಕೊಳ್ಳೋಣ. ಐದು ವರ್ಷಕ್ಕೂ ಹೆಚ್ಚಿನ ಮಳೆಯ ದಾಖಲೆ, ಔಷಧಿ ಹೊಡೆದ ದಿನಾಂಕ, ಮಾರಿದ ದಿನದ ಧಾರಣೆ ಬರೆದಿಟ್ಟ ಸದಸ್ಯರು ಆ ಪುಸ್ತಕವನ್ನು ಸಂಘದ ಕಚೇರಿಗೆ ತಂದರೆ ನಕಲು ಮಾಡಿಕೊಂಡು ಅಂದೇ ಹಿಂತಿರುಗಿಸುತ್ತೇವೆ. ಎಲ್ಲರ ಅಂಕಿಯೂ ಸೇರಿದರೆ ನಮ್ಮ ಹೋಬಳಿಗೆ ಹೂಮಳೆ ಎಷ್ಟು ವರ್ಷಕ್ಕೊಮ್ಮೆ ತಪ್ಪುತ್ತದೆಂದು ಹೇಳಲು ಸಾಧ್ಯವಾದೀತು.