ಕಾಣದ ಮೊದಲ ಸಾಲು

ಗೆಳೆಯರೇ, ಪರೀಕ್ಷೆಯಲ್ಲಿ ಪತ್ರ ಬರೆಯುವಾಗ ಮೇಲೆ ‘ಇಂದ’, ‘ಗೆ’, ‘ವಿಷಯ’ ಎಂದು ಬರೆಯುತ್ತೇವಲ್ಲ, ಯಾಕೆ? ಇದು ಎಂಥ ಪತ್ರ ಅಂತ ಓದುವವರಿಗೆ ಮೊದಲೇ ಗೊತ್ತಾಗಲಿ ಎಂದು. ಅಂತರ್ಜಾಲದ ಪುಟಕ್ಕೂ ಅಂಥದೇ ಒಂದು ತಲೆಸಾಲು ಇದೆ. ಅದೇ ಡಾಕ್‌ಟೈಪ್. ಅಂದರೆ, ಈ ದಾಖಲೆ ಯಾವ ಬಗೆಯದು ಎಂಬ ಘೋಷಣೆ. ಪರದೆಯ ಮೇಲೆ ಅದು ಕಾಣೋದೇ ಇಲ್ಲ. ಆದರೆ ಅದು ಇಲ್ಲದಿದ್ದರೆ ಪುಟದ ರೂಪವೇ ಬದಲಾಗಬಹುದು!

ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್. ಬರೆದದ್ದನ್ನು ತೆರೆದು ತೋರಿಸುವುದು ಬ್ರೌಸರ್. 1990ರ ದಶಕದಲ್ಲಿ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಎರಡು ಬ್ರೌಸರ್‌ಗಳ ನಡುವೆ ಭಾರಿ ಪೈಪೋಟಿ ಇತ್ತು. ಒಂದೇ ಪುಟವನ್ನು ಅದೊಂದು ಥರ, ಇದೊಂದು ಥರ ತೋರಿಸುತ್ತಿದ್ದವು.

ಒಂದು ಲೆಕ್ಕ ನೋಡಿ. ಒಂದು ಚೌಕದ ಅಗಲ 100. ಒಳಗೆ ಎರಡೂ ಬದಿ 10ರಷ್ಟು ಖಾಲಿ ಜಾಗ, ಎರಡೂ ಬದಿ 5ರಷ್ಟು ಅಂಚು. ನಿಯಮದಂತೆ ಒಟ್ಟು 130. ಆದರೆ ವಿಂಡೋಸ್‌ನ ಎಕ್ಸ್‌ಪ್ಲೋರರ್ 5 ಎಲ್ಲವನ್ನೂ 100ರ ಒಳಗೇ ತುರುಕುತ್ತಿತ್ತು! ಆ ಲೆಕ್ಕ ನಂಬಿ ಜನ ಎಷ್ಟೋ ಪುಟ ಬರೆದಿದ್ದರು. ಬ್ರೌಸರ್ ತನ್ನನ್ನು ತಿದ್ದಿಕೊಂಡರೆ ಆ ಹಳೇ ಪುಟಗಳ ಗತಿ?

2000ರಲ್ಲಿ ಮ್ಯಾಕ್ ಕಂಪ್ಯೂಟರಿನ ಎಕ್ಸ್‌ಪ್ಲೋರರ್ 5 ಒಂದು ಉಪಾಯ ತಂದಿತು. ಸರಿಯಾದ ತಲೆಸಾಲು ಇದ್ದರೆ ಹೊಸ ನಿಯಮದಂತೆ ತೋರಿಸು. ಇಲ್ಲದಿದ್ದರೆ ಅದು ಹಳೇ ಪುಟ, ಹಳೇ ರೀತಿಯಲ್ಲೇ ತೋರಿಸು. ಈ ಹಳೇ ರೀತಿಗೆ ‘ಕ್ವರ್ಕ್ಸ್ ಮೋಡ್’ ಅಂತಾರೆ. ಇಂದಿನ ಬ್ರೌಸರ್‌ಗಳಲ್ಲೂ ಅದು ಇದೆ.

ನಾನು ಕಂಪ್ಯೂಟರ್ ಕೊಠಡಿಯಲ್ಲಿ ಮಾಡಿ ನೋಡಿದೆ. ನೋಟ್‌ಪ್ಯಾಡಿನಲ್ಲಿ ಒಂದು ಅಂಕಪಟ್ಟಿಯ ಕೋಷ್ಟಕ ಬರೆದು, ಇಡೀ ಪುಟದ ಅಕ್ಷರ ದೊಡ್ಡದಿರಲಿ ಎಂದು ಸೂಚಿಸಿದೆ. ತಲೆಸಾಲು ಇದ್ದಾಗ ಕೋಷ್ಟಕದ ಅಕ್ಷರಗಳೂ ದೊಡ್ಡದಾದವು. ತಲೆಸಾಲು ಅಳಿಸಿದೆ. ಕೋಷ್ಟಕದ ಅಕ್ಷರ ಮಾತ್ರ ಚಿಕ್ಕದಾಗಿಬಿಟ್ಟಿತು! ಬೇರೇನನ್ನೂ ಮುಟ್ಟಿರಲಿಲ್ಲ.

1999ರ ಎಚ್‌ಟಿಎಂಎಲ್ 4.01ರ ತಲೆಸಾಲು ಬಲು ಉದ್ದ, ಅದರಲ್ಲೂ ಮೂರು ಬಗೆ. ಬಾಯಿಪಾಠ ಮಾಡೋದು ಕಷ್ಟ. 2014ರಲ್ಲಿ ಅಧಿಕೃತವಾದ ಎಚ್‌ಟಿಎಂಎಲ್ 5ರಲ್ಲಿ ಇಷ್ಟೇ ಸಾಕು:

<!ಡಾಕ್‌ಟೈಪ್ ಎಚ್‌ಟಿಎಂಎಲ್>

ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಚಿಹ್ನೆ, ಖಾಲಿ ಜಾಗ ಸೇರಿ ಬರೀ 15 ಒತ್ತು.

ನೆನಪಿಡಿ: ಕನ್ನಡ ಅಕ್ಷರ ಸರಿಯಾಗಿ ಮೂಡಿಸುವುದು ಇದರ ಕೆಲಸವಲ್ಲ. ಅದಕ್ಕೆ ಯುಟಿಎಫ್-8 ಎಂದು ತಿಳಿಸುವ ಸಾಲು ಬೇರೆಯೇ ಇದೆ. ಎರಡನ್ನೂ ಬರೆಯಿರಿ. ಹೊಸದು ಬಂದರೂ ಹಳೆಯದು ಕೆಡದಂತೆ ಕಾಯುತ್ತಿರುವುದು ಈ ಪುಟ್ಟ ಸಾಲೇ.

– ಹತ್ತನೇ ತರಗತಿಯ ವಿದ್ಯಾರ್ಥಿನಿ