ಬಡ ದೇಶದ ಲ್ಯಾಬಿನಲ್ಲಿ ಸರಿಯಾದ ರಿಪೋರ್ಟ್

ಉಳ್ಳವರಿಗೆ ರಿಪೋರ್ಟ್ ಮೇಲೆ ಅನುಮಾನ ಬಂದರೆ ಇನ್ನೊಂದು ಲ್ಯಾಬಿಗೆ ಹೋಗುತ್ತಾರೆ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದವರಿಗೆ ಕೈಗೆ ಬಂದ ಚೀಟಿಯೇ ಕಡೆಯದು. ಅದರಲ್ಲಿನ ಅಂಕಿ ತಪ್ಪಿದ್ದರೆ ಆ ತಪ್ಪಿಗೇ ಔಷಧಿ. ಹಾಗಾಗಿ ದುಡ್ಡಿಲ್ಲದ ಕಡೆಯೇ ಲ್ಯಾಬಿನ ಗುಣಮಟ್ಟ ಹೆಚ್ಚು ಬೇಕು. ಆದರೆ ಅದರ ಬಗ್ಗೆ ತಪ್ಪು ತಿಳಿವಳಿಕೆಗಳೂ ಬೇಕಾದಷ್ಟಿವೆ. ಲ್ಯಾಬಿನೊಳಗೇ ದುಡಿದ ನಾವೂ ಇವುಗಳಲ್ಲಿ ಹಲವನ್ನು ನಂಬಿಕೊಂಡಿದ್ದೆವು.

ತಪ್ಪು ಕಲ್ಪನೆ: ಒಳ್ಳೆಯ ಯಂತ್ರ ತಂದಿಟ್ಟರೆ ಒಳ್ಳೆಯ ರಿಪೋರ್ಟ್ ತಾನಾಗಿ ಬರುತ್ತದೆ.

ವಾಸ್ತವ: ಯಂತ್ರಕ್ಕೆ ಗೊತ್ತಿರುವುದು ಅದರೊಳಗಿಟ್ಟ ಸ್ಯಾಂಪಲ್ ಮಾತ್ರ. ಲ್ಯಾಬಿನ ತಪ್ಪುಗಳಲ್ಲಿ ಹೆಚ್ಚಿನವು ಸ್ಯಾಂಪಲ್ ಯಂತ್ರದ ಹತ್ತಿರ ಬರುವ ಮೊದಲೇ ಆಗಿರುತ್ತವೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಒಮ್ಮೆ ವಾರ್ಡಿನಿಂದ ಬಂದ ಸ್ಯಾಂಪಲ್ಲಿನಲ್ಲಿ ಪೊಟ್ಯಾಸಿಯಂ 6.9 ಬಂತು. ಎದೆಬಡಿತವೇ ಏರುಪೇರಾಗುವ ಮಟ್ಟ ಅದು. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ತಿಳಿಹಳದಿ ಇರಬೇಕಾದ ಸೀರಂ ದಾಳಿಂಬೆ ರಸದ ಹಾಗೆ ಕೆಂಪಗಿತ್ತು. ಸಿರಿಂಜಿನ ಸೂಜಿ ತೆಗೆಯದೆಯೇ ರಕ್ತವನ್ನು ಜೋರಾಗಿ ಟ್ಯೂಬಿಗೆ ಒತ್ತಿದ್ದರು. ರಕ್ತಕಣಗಳು ಒಡೆದು, ಒಳಗಿನ ಪೊಟ್ಯಾಸಿಯಂ ಸೀರಮ್ಮಿಗೆ ಇಳಿದಿತ್ತು. ಹೊಸದಾಗಿ ರಕ್ತ ತೆಗೆದಾಗ 4.3. ಎರಡು ಸಲವೂ ಯಂತ್ರ ಸರಿಯಾಗಿಯೇ ಅಳೆದಿತ್ತು. ಸಕ್ಕರೆಯ ಕಥೆಯೂ ಇದೇ. ಮಾಮೂಲಿ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ಬೇರ್ಪಡಿಸದೆ ಮೇಜಿನ ಮೇಲೆ ಬಿಟ್ಟರೆ ರಕ್ತಕಣಗಳೇ ಗಂಟೆಗೆ ಶೇ. 5ರಿಂದ 7ರಷ್ಟು ಗ್ಲೂಕೋಸ್ ತಿಂದುಹಾಕುತ್ತವೆ. ಊರಿಂದೂರಿಗೆ ಸ್ಯಾಂಪಲ್ ಸಾಗಿಸುವ ಕಡೆ ಸಕ್ಕರೆ ಕಾಯಿಲೆಯವರೂ ಹೀಗೇ ಆರೋಗ್ಯವಂತರಾಗಿ ಕಾಣುತ್ತಾರೆ.

ತಪ್ಪು ಕಲ್ಪನೆ: ಗುಣಮಟ್ಟ ಎನ್ನುವುದು ಶ್ರೀಮಂತ ದೇಶಗಳಿಗೆ ಹುಟ್ಟಿನಿಂದ ಬಂದದ್ದು; ಬಡ ದೇಶಗಳ ಕೈಗೆ ಎಟುಕುವುದಲ್ಲ.

ವಾಸ್ತವ: 1947ರಲ್ಲಿ ಬೆಲ್ಕ್ ಮತ್ತು ಸಂಡರ್‌ಮನ್ ಎಂಬಿಬ್ಬರು ಅಮೆರಿಕದ ಪೆನ್ಸಿಲ್ವೇನಿಯ ಸುತ್ತಮುತ್ತಲ ಆಸ್ಪತ್ರೆ ಲ್ಯಾಬುಗಳಿಗೆ ಒಂದೇ ಬಗೆಯ ಸ್ಯಾಂಪಲ್ ಹಂಚಿ ಪರೀಕ್ಷೆ ಮಾಡಿಸಿದರು. ಬಂದ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಎಷ್ಟೋ ಲ್ಯಾಬುಗಳ ಅಂಕಿಗಳು ಒಪ್ಪಲಾಗದಷ್ಟು ತಪ್ಪಿದ್ದವು. ಅಲ್ಲಿಂದ ಮುಂದೆ ಸುಧಾರಣೆ ಬಂತು. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಲ್ಯಾಬಿಗೆ ತಂದ, ಫಲಿತಾಂಶ ದಾರಿ ತಪ್ಪಿದೆಯೇ ಎಂದು ತೋರಿಸುವ ನಿಯಂತ್ರಣ ನಕ್ಷೆಗೆ ಬೇಕಾದದ್ದು ಗ್ರಾಫ್ ಹಾಳೆ, ಪೆನ್ಸಿಲ್, ದಿನಾ ಒಂದು ಚುಕ್ಕೆ ಇಡುವ ಶಿಸ್ತು. ಇಂದಿಗೂ ನಾವು ಬಳಸುವುದು ಅದನ್ನೇ.

ಆಫ್ರಿಕದ ಅನುಭವವಂತೂ ಈ ನಂಬಿಕೆಗೆ ನೇರ ಉತ್ತರ. 2009ರಲ್ಲಿ ರುವಾಂಡದ ಕಿಗಾಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಫ್ರಿಕ ವಲಯ ಲ್ಯಾಬುಗಳ ಗುಣಮಟ್ಟ ಸುಧಾರಿಸಲು ಒಂದು ಹಂತ ಹಂತದ ದಾರಿ ಹಾಕಿಕೊಟ್ಟಿತು. ಅಂತರರಾಷ್ಟ್ರೀಯ ಮಾನ್ಯತೆ ಮೊದಲ ದಿನವೇ ಬೇಕು ಎಂದರೆ ಯಾರೂ ಹೆಜ್ಜೆ ಎತ್ತುವುದಿಲ್ಲ. ಅದಕ್ಕೇ ಲ್ಯಾಬುಗಳಿಗೆ ನಕ್ಷತ್ರ ಕೊಡುವ ಕ್ರಮ ಬಂತು: ಶೇ. 55 ಅಂಕ ದಾಟಿದರೆ ಒಂದು, 95 ಮುಟ್ಟಿದರೆ ಐದು. ಜೊತೆಯಲ್ಲೇ ಶುರುವಾದ ತರಬೇತಿಯಲ್ಲಿ ಸಿಬ್ಬಂದಿ ಪಾಠ ಕೇಳಿ ಸುಮ್ಮನಾಗುವಂತಿಲ್ಲ. ವಾಪಸ್ ಹೋಗಿ ತಮ್ಮದೇ ಲ್ಯಾಬಿನ ಕೊರತೆ ಹಿಡಿದು ಸರಿಪಡಿಸಿ, ಮುಂದಿನ ಶಿಬಿರದಲ್ಲಿ ಲೆಕ್ಕ ಒಪ್ಪಿಸಬೇಕು. 2013ರ ಕೊನೆಗೆ 47 ದೇಶಗಳ 617 ಲ್ಯಾಬುಗಳು ಈ ತರಬೇತಿಯಲ್ಲಿ ಸೇರಿದ್ದವು. ತರಬೇತಿ ಮುಗಿಸಿದ ಲ್ಯಾಬುಗಳ ಸರಾಸರಿ ಅಂಕ ಶೇ. 39ರಿಂದ 64ಕ್ಕೆ ಏರಿತ್ತು. 64 ಪೂರ್ಣಾಂಕವಲ್ಲ, ನಿಜ. ಆದರೆ ಈ ಏರಿಕೆಗೆ ಯಾರೂ ಹೊಸ ಕಟ್ಟಡ ಕಟ್ಟಿ ಕಾಯಲಿಲ್ಲ.

ತಪ್ಪು ಕಲ್ಪನೆ: ದಿನಾ ಕಂಟ್ರೋಲ್ ಓಡಿಸುವುದು ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ದಂಡ.

ವಾಸ್ತವ: ಕಂಟ್ರೋಲ್ ಎಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್. ಬೆಳಿಗ್ಗೆ ಅದು ತಪ್ಪು ಉತ್ತರ ಕೊಟ್ಟರೆ ಆ ದಿನದ ರಿಪೋರ್ಟುಗಳನ್ನು ತಡೆಹಿಡಿಯಬಹುದು. ಕಂಟ್ರೋಲ್ ಬಿಟ್ಟ ದಿನ ರೀಏಜೆಂಟ್ ಕೆಟ್ಟಿದ್ದರೆ ಅಷ್ಟೂ ರೋಗಿಗಳ ಪರೀಕ್ಷೆ ವ್ಯರ್ಥ, ಅದೂ ಯಾರಿಗೂ ಗೊತ್ತಾಗದಂತೆ. ಉಳಿಸಿದೆವು ಎಂದುಕೊಂಡದ್ದಕ್ಕಿಂತ ಕಳೆದದ್ದೇ ಹೆಚ್ಚು.

ತಪ್ಪು ಕಲ್ಪನೆ: ರಿಜಿಸ್ಟರ್ ಚೊಕ್ಕವಾಗಿದ್ದರೆ ಲ್ಯಾಬ್ ಚೆನ್ನಾಗಿದೆ, ತಪ್ಪನ್ನು ಬರೆದಿಟ್ಟರೆ ಕೆಲಸಕ್ಕೇ ಕುತ್ತು.

ವಾಸ್ತವ: ಒಂದು ಲ್ಯಾಬಿನಲ್ಲಿ ಫ್ರಿಜ್‌ನ ತಾಪಮಾನದ ಪುಸ್ತಕ ನೋಡಿದ್ದೆವು. ತಿಂಗಳ ಪೂರ್ತಿ ಒಂದೇ ಪೆನ್ನು, ಒಂದೇ ಕೈಬರಹ, 4, 4, 4. ಕರೆಂಟ್ ಇಡೀ ದಿನ ಹೋಗಿದ್ದ ತಾರೀಖಿನ ಎದುರಿಗೂ 4. ಬರೆದವರು ಕೆಟ್ಟವರಲ್ಲ. 11 ಅಂತ ಬರೆದಿದ್ದರೆ ಬೈಗುಳ ಕಾದಿತ್ತು, ಫ್ರಿಜ್ ರಿಪೇರಿಗೆ ಮಾತ್ರ ಯಾರೂ ಬರುತ್ತಿರಲಿಲ್ಲ. ತಪ್ಪನ್ನು ಹೇಳಿದವರನ್ನೇ ದಂಡಿಸಿದರೆ ತಪ್ಪುಗಳು ನಿಲ್ಲುವುದಿಲ್ಲ, ಪುಸ್ತಕದಿಂದ ಮರೆಯಾಗುತ್ತವೆ.

ಯಾರನ್ನೂ ದಂಡಿಸದೆ ತಪ್ಪು ಹುಡುಕಲು ಕ್ಷಯರೋಗದ ಕಫ ಪರೀಕ್ಷೆಯಲ್ಲಿ ಒಂದು ಹಳೆಯ ಉಪಾಯವಿದೆ. ನೋಡಿ ಮುಗಿಸಿದ ಸ್ಲೈಡುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಾರೆ. ಅವುಗಳಲ್ಲಿ ಕೆಲವನ್ನು ಆರಿಸಿ, ಮೊದಲ ಫಲಿತಾಂಶ ತಿಳಿಸದೆ, ಇನ್ನೊಬ್ಬರಿಂದ ಓದಿಸುತ್ತಾರೆ. ವ್ಯತ್ಯಾಸ ಕಂಡರೆ ಬಣ್ಣ ಹಾಕಿದ್ದು ಸರಿಯಿಲ್ಲವೋ, ಮೈಕ್ರೋಸ್ಕೋಪ್ ಮಸುಕಾಗಿದೆಯೋ, ಓದುವವರಿಗೆ ಕೆಲಸ ವಿಪರೀತವೋ ಎಂದು ಹುಡುಕುತ್ತಾರೆ. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ಬಗೆಯ ಮೇಲ್ವಿಚಾರಣೆ ಮಾಡುವ ರಾಷ್ಟ್ರೀಯ ರೆಫರೆನ್ಸ್ ಲ್ಯಾಬುಗಳಲ್ಲೊಂದು.

ತಪ್ಪು ಕಲ್ಪನೆ: ಅನುಭವಿ ಡಾಕ್ಟರಿಗೆ ರೋಗಿಯ ಮುಖ ನೋಡಿದರೆ ಸಾಕು, ಲ್ಯಾಬ್ ಬರೀ ಶಾಸ್ತ್ರಕ್ಕೆ.

ವಾಸ್ತವ: ಟಾಂಜಾನಿಯದ ಹತ್ತು ಆಸ್ಪತ್ರೆಗಳಲ್ಲಿ ತೀವ್ರ ಮಲೇರಿಯ ಎಂದು ದಾಖಲಾಗಿ ಚಿಕಿತ್ಸೆ ಪಡೆದ 4,474 ಜನರ ರಕ್ತವನ್ನು ಸಂಶೋಧಕರು ನೋಡಿದರು, 2004ರಲ್ಲಿ ಪ್ರಕಟವಾದ ಅಧ್ಯಯನವಿದು. ಮಲೇರಿಯ ರೋಗಾಣು ಕಂಡದ್ದು ಶೇ. 46 ಜನರಲ್ಲಿ ಮಾತ್ರ. ಉಳಿದವರ ನಿಜವಾದ ಕಾಯಿಲೆಗೆ ಚಿಕಿತ್ಸೆ ತಪ್ಪುವ ಅಪಾಯವಿತ್ತು. ಡಾಕ್ಟರುಗಳನ್ನು ದೂರಿ ಸುಮ್ಮನಾಗುವುದು ನ್ಯಾಯವಲ್ಲ. ಹತ್ತು ಸಲ ತಪ್ಪು ಚೀಟಿ ಕಂಡವರು ಹನ್ನೊಂದನೆಯ ಚೀಟಿಯನ್ನು ಪಕ್ಕಕ್ಕಿಡುತ್ತಾರೆ. ಆ ನಂಬಿಕೆಯನ್ನು ಲ್ಯಾಬಿನವರಾದ ನಾವೇ ಮರಳಿ ಗಳಿಸಬೇಕು.

ತಪ್ಪು ಕಲ್ಪನೆ: ಲ್ಯಾಬಿನವರು ಬೇಕಾದ್ದಕ್ಕಿಂತ ಹೆಚ್ಚು ರಕ್ತ ತೆಗೆದು ಮಾರಿಕೊಳ್ಳುತ್ತಾರೆ.

ವಾಸ್ತವ: ಇದು ನಮ್ಮೂರಿನ ಮಾತಷ್ಟೇ ಅಲ್ಲ. ಪಶ್ಚಿಮ ಆಫ್ರಿಕದ ಗ್ಯಾಂಬಿಯದಲ್ಲಿ ವೈದ್ಯಕೀಯ ಸಂಶೋಧಕರ ಬಗ್ಗೆ ಇಂಥದೇ ಸುದ್ದಿ ಹಬ್ಬಿದ್ದನ್ನು ಮಾನವಶಾಸ್ತ್ರಜ್ಞರು ದಾಖಲಿಸಿದ್ದಾರೆ. ಒಂದು ಟ್ಯೂಬಿಗೆ ಬೇಕಾಗುವುದು ಸಾಮಾನ್ಯವಾಗಿ ಟೀ ಚಮಚದಷ್ಟು. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಟ್ಯೂಬಿನ ರಕ್ತವನ್ನು ಯಾರಿಗೂ ಏರಿಸಲು ಬರುವುದಿಲ್ಲ. ಕಡಿಮೆ ತೆಗೆದರೂ ತೊಂದರೆಯೇ: ಹೆಪ್ಪುಗಟ್ಟುವ ಪರೀಕ್ಷೆಯ ನೀಲಿ ಮುಚ್ಚಳದ ಟ್ಯೂಬಿನಲ್ಲಿ 9 ಪಾಲು ರಕ್ತಕ್ಕೆ 1 ಪಾಲು ದ್ರಾವಣ ಇರಬೇಕು, ಗೆರೆ ಮುಟ್ಟದಿದ್ದರೆ ಫಲಿತಾಂಶ ಕೆಡುತ್ತದೆ.

ಆದರೂ ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ರಕ್ತ ತೆಗೆದುಕೊಂಡು, ಏಕೆಂದು ಹೇಳದೆ, ರಿಪೋರ್ಟನ್ನೂ ಕೊಡದೆ ಕಳಿಸಿದರೆ ಜನ ಇನ್ನೇನು ತಿಳಿದಾರು? ನಾವು ಈಗ ಖಾಲಿ ಟ್ಯೂಬನ್ನು ಮೊದಲು ಅವರ ಕೈಗೇ ಕೊಟ್ಟು ಗೆರೆ ತೋರಿಸುತ್ತೇವೆ. ರಕ್ತ ತೆಗೆದ ಮೇಲೆ ಅವರ ಎದುರಿಗೇ ಹೆಸರಿನ ಚೀಟಿ ಅಂಟಿಸುತ್ತೇವೆ. ಹೆಸರು ಅದಲುಬದಲಾಗದಂತೆ ತಡೆಯುವ ಕ್ರಮವೂ ಇದೇ. ಓದು ಬಾರದ ಅಜ್ಜಿಯಾದರೆ ಹೆಸರು, ಊರು ಅವರ ಬಾಯಿಂದಲೇ ಹೇಳಿಸಿ ಬರೆದು, ಗಟ್ಟಿಯಾಗಿ ಓದಿ ಹೇಳುತ್ತೇವೆ. ಅವರು ಹೌದೆಂದು ತಲೆಯಾಡಿಸಿದ ಮೇಲೆಯೇ ಟ್ಯೂಬು ಸ್ಟ್ಯಾಂಡಿಗೆ ಹೋಗುವುದು.